ತೆಳು ಹಾಳೆಯ ಎರಡು ಮಗ್ಗುಲು

ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಬಗೆ ಹೇಳುವ ಆ ಹಳೆಯ ಪುಸ್ತಕವನ್ನು ನಕಲುಗಾರ ಎಷ್ಟು ಸಲ ಬರೆದಿದ್ದನೆಂದರೆ, ಕಲ್ಲಿಲ್ಲದ ಅವನಿಗೂ ಆಗಾಗ ಕಿಬ್ಬೊಟ್ಟೆ ಹಿಡಿದುಕೊಂಡಂತಾಗುತ್ತಿತ್ತು. ಕಲ್ಲಾದದ್ದು ಮಾತ್ರ ಅವನ ಅಣ್ಣನಿಗೆ. ಮೂರು ದಿನದಿಂದ ಅಣ್ಣ ಗೋಡೆಗೆ ಹಣೆ ಒತ್ತಿಕೊಂಡು ನಿಂತೇ ಇದ್ದ. ಈ ದಿನ ಬೆಳಿಗ್ಗೆ ಶಸ್ತ್ರವೈದ್ಯ ಕೊಯ್ಯಲು ಒಪ್ಪಿದ್ದ.

ಅಣ್ಣನನ್ನು ಒಳಗೆ ಕರೆದೊಯ್ದ ಮೇಲೆ, ಹೊರಕೋಣೆಯಲ್ಲಿ ಸುಮ್ಮನೆ ಕೂರಲಾರದೆ ನಕಲುಗಾರ ವೈದ್ಯನ ಕಪಾಟಿನಲ್ಲಿದ್ದ, ತಾನೇ ಬರೆದುಕೊಟ್ಟಿದ್ದ ಎರಡು ಪ್ರತಿಗಳನ್ನು ತೆರೆದ. ಒಂದರ ಚಿತ್ರದಲ್ಲಿ ಕೊಯ್ಯುವ ಗೆರೆ ಎಡಕ್ಕಿತ್ತು, ಇನ್ನೊಂದರಲ್ಲಿ ಬಲಕ್ಕೆ.

ಅಕ್ಷರಗಳನ್ನು ಅವನು ನೋಡಿ ಬರೆಯುತ್ತಿದ್ದ. ಚಿತ್ರಗಳನ್ನು ಮಾತ್ರ ಎಣ್ಣೆ ಹಚ್ಚಿದ ತೆಳು ಹಾಳೆಯ ಮೇಲೆ ಎತ್ತಿಕೊಂಡು ಹೊಸ ಪ್ರತಿಗೆ ಇಳಿಸುತ್ತಿದ್ದ. ಯಾವ ಮಗ್ಗುಲಿನಿಂದ ನೋಡಿದರೂ ಗೆರೆ ಅಷ್ಟೇ ಸ್ಪಷ್ಟ. ಎಂದೋ ಆ ಹಾಳೆ ಮಗುಚಿಕೊಂಡಿತ್ತು. ಎಂದು? ಮೂಲಪುಸ್ತಕ ಗೆದ್ದಲಿನ ಪಾಲಾಗಿತ್ತು. ಬರಹದಲ್ಲಿ ‘ಚಿತ್ರದಲ್ಲಿ ತೋರಿಸಿದ ಕಡೆ ಕೊಯ್ಯಬೇಕು, ಕಡೆ ತಪ್ಪಿದರೆ ರೋಗಿ ಉಳಿಯಲಾರ’ ಎಂದಷ್ಟೇ ಇತ್ತು. ಮೂಲ ಬರೆದ ಆ ಪುಣ್ಯಾತ್ಮ ಒಂದೇ ಒಂದು ಪದ ಹೆಚ್ಚಿಗೆ ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅದೂ ಅಲ್ಲದೆ, ಎಡವೆಂದರೆ ಮಲಗಿದವನ ಎಡವೋ, ಎದುರು ಕೂತವನ ಎಡವೋ? ನಕಲುಗಾರ ಕೈ ಎತ್ತಿ ನೋಡಿದ, ತಿರುಗಿ ನಿಂತು ನೋಡಿದ.

ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. ಅಣ್ಣನನ್ನು ಬೆಂಚಿಗೆ ಕಟ್ಟಿಯಾಗಿತ್ತು.

"ಸ್ವಲ್ಪ ನಿಲ್ಸಿ. ನನ್ನ ಚಿತ್ರ ತಪ್ಪಿದೆ. ಯಾವ ಕಡೆ ಅಂತ ನಂಗೇ ಗೊತ್ತಾಗ್ತಿಲ್ಲ."

ವೈದ್ಯ ತಲೆ ಎತ್ತಲಿಲ್ಲ. "ನಿನ್ನ ಚಿತ್ರ ಇಲ್ಲಿ ಯಾರಯ್ಯ ನೋಡ್ತಾರೆ? ನಾನು ಕಲಿತಿದ್ದು ನಮ್ಮಪ್ಪನ ಕೈ ನೋಡಿ. ಹೊರಗಿರು."

ಅಣ್ಣನ ಕೂಗು ಎದ್ದಿತು, ನಿಂತಿತು. ಸ್ವಲ್ಪ ಹೊತ್ತಿಗೆ ವೈದ್ಯ ಬಟ್ಟಲು ಹಿಡಿದು ಬಂದ. ಅದರಲ್ಲಿ ಪಾರಿವಾಳದ ಮೊಟ್ಟೆಯಷ್ಟು ದೊಡ್ಡ ಕಂದು ಕಲ್ಲು.

"ಉಳ್ಕೊಂಡ. ಅವನ ಎಡಗಡೆ ಕೊಯ್ದೆ."

ನಕಲುಗಾರನಿಗೆ ಅಳು ತಡೆಯಲಾಗಲಿಲ್ಲ. ಎಷ್ಟು ಖುಷಿಯಾಯಿತೆಂದರೆ ವೈದ್ಯನ ಒದ್ದೆ ಕೈಯನ್ನೇ ಹಿಡಿದುಕೊಂಡ.

"ಅಂದ್ರೆ, ಪುಸ್ತಕ ನೀವು ತೆಗೆಯೋದೇ ಇಲ್ವಾ?"

"ನನಗ್ಯಾಕೆ? ಕಲಿಸೋರು ಇಲ್ಲದೋರು ತಾನೆ ಪುಸ್ತಕ ತೆಗೆಯೋದು." ವೈದ್ಯ ಕೈ ಬಿಡಿಸಿಕೊಂಡು ಒರೆಸಿಕೊಂಡ. "ಅಂಥೋರಿಗೆ ಎಷ್ಟು ಪ್ರತಿ ಕೊಟ್ಟಿದ್ದೀಯ?"

ನಕಲುಗಾರ ನೆನಪಿಸಿಕೊಂಡ. ನಲವತ್ತರ ಮೇಲೇ ಇದ್ದವು. ಅವುಗಳಲ್ಲಿ ಎಡ ಎಷ್ಟು, ಬಲ ಎಷ್ಟು, ಯಾವುದು ಯಾವ ಊರಿಗೆ ಹೋಯಿತು, ಒಂದೂ ತಿಳಿಯಲಿಲ್ಲ. ಒಳಗಿನಿಂದ ಅಣ್ಣ ಹೆಸರು ಹಿಡಿದು ಕರೆಯುತ್ತಿದ್ದುದು ಅವನಿಗೆ ಕೇಳಿಸಲೇ ಇಲ್ಲ.