ರಜೆಯಲ್ಲಿರುವ ಹೆಬ್ಬೆರಳು

ನಿಂತ ಫ್ಯಾನಿನ ಒಂದು ರೆಕ್ಕೆಗೆ ಮಾತ್ರ ಅಷ್ಟೊಂದು ಧೂಳು ಯಾಕೆ, ಉಳಿದೆರಡು ಈಗ ತಾನೇ ಸ್ನಾನ ಮಾಡಿ ಬಂದವೇ, ಹಾಡಹಗಲೇ ಅಂಗಾತ ಮಲಗಿದವರಿಗೆ ಮಾತ್ರ ಕಾಣುವ ವೈಭವ ಇದು, ನಾನು ಹಗಲು ಹೊತ್ತು ಮಲಗಿದ್ದು ಮಗಳು ಹುಟ್ಟಿದಾಗ, ಬಿಟ್ಟರೆ ಈಗ— ಗ್ರಾಹಕರ ಮನೆಯ ಮೆಟ್ಟಿಲಲ್ಲಿ ಜಾರಿ, ಕತ್ತರಿ ಹಿಡಿಯುವ ಬಲಗೈಯೇ ಉಳುಕಿ, ಡಾಕ್ಟರು ಬೆರಳುಗಳನ್ನೆಲ್ಲ ಸೇರಿಸಿ ಬ್ಯಾಂಡೇಜು ಸುತ್ತಿ ಹೆಬ್ಬೆರಳೊಂದನ್ನು ಹೊರಗೆ ಬಿಟ್ಟಿದ್ದಾರೆ, ಪುಣ್ಯಾತ್ಮ ಅದನ್ನೂ ಸುತ್ತಿದ್ದರೆ ನನಗೆ ಈ ಚಿಂತೆಯೇ ಇರುತ್ತಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಿನಗೆ ನೋಡೇ, ಕೆಸರಿಲ್ಲದೆ ಬರೀ ಮೊಸರು, ಅಂತ ಬೆಳಿಗ್ಗೆ ತುತ್ತು ತಿನ್ನಿಸುತ್ತಾ ಗಂಡ ನಕ್ಕ, ನಗಲಿ, ಮಲಗಿದ್ದಕ್ಕೆ ಸಂಬಳ ಕೊಡುತ್ತಾರೆಂದರೆ ನನಗೂ ನಗು ಬರುತ್ತದೆ. ಹೊಸ ಕಾನೂನಂತೆ, ಆ್ಯಪ್ ಕರೆದಲ್ಲಿಗೆ ಓಡಿ ಕೂದಲು ಕತ್ತರಿಸುವ ನಮ್ಮಂಥವರಿಗೂ ಪೆಟ್ಟಾದರೆ ಸಂಬಳದ ರಜೆಯಂತೆ, ನಮ್ಮ ಗುಂಪಿನಲ್ಲಿ ಅದನ್ನು ಪಡೆದ ಮೊದಲನೆಯವಳು ನಾನೇ! ಹುಷಾರು ಕಣೇ, ರಜೆಯಲ್ಲೂ ಕಂಪನಿಯವರು ಕರೆ ಕಳಿಸ್ತಾರೆ, ಒಪ್ಪಿಗೆ ಒತ್ತಿದ್ಯೋ ರಜೆ ರದ್ದು, ಆಮೇಲೆ ನೋಡಿ ಸ್ವಾಮಿ ಇವರಿಗೆ ರಜೆ ಬೇಕೇ ಇಲ್ಲ ಅಂತ ನಮ್ಮೆಲ್ಲರದ್ದೂ ಕಿತ್ಕೊಳ್ತಾರೆ— ಇದು ಸಂಘದ ಅಕ್ಕ, ಈ ಕಾನೂನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವಳು. ಅದಕ್ಕೇ ಗಂಡ ಫೋನನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಕೆಲಸಕ್ಕೆ ಹೋದ, ಮಗಳು ಬಿಡಬೇಕಲ್ಲ, ಅಮ್ಮಾ ಅಮ್ಮಾ ಅಕ್ಕಿ ಹಾಡ್ತಾ ಇದೆ ಅಂತ ಈಗ ತಂದು ನನ್ನ ಎದೆಯ ಮೇಲೆ ಇಟ್ಟು ಓಡಿಯೇ ಹೋದಳು.

ಹಾಡುತ್ತಿದೆ, ಹಸಿರು ವೃತ್ತ ಕರಗುತ್ತಿದೆ, ಅದು ಕರಗಿ ಮುಗಿಯುವಷ್ಟರಲ್ಲಿ ಒತ್ತಬೇಕು— ಬೇಡ, ಒತ್ತಬಾರದು— ಯಾರು, ಅಯ್ಯೋ ಮೂರನೇ ಮಹಡಿಯ ಅಜ್ಜಿ, ಬೇರೆಯವರು ಕತ್ತರಿಸಿದ್ರೆ ನನ್ ತಲೆ ಕೋಳಿ ಕೆದಕಿದ ಹಾಗಾಗುತ್ತೆ ಕಣಮ್ಮ, ನೀನೇ ಬಾ ಅನ್ನುವವಳು, ಬಂದೆ ಅಜ್ಜಿ ಅನ್ನುವಷ್ಟರಲ್ಲಿ ಹೆಬ್ಬೆರಳು ಆಗಲೇ ಎದ್ದಿದೆ, ನನ್ನನ್ನು ಒಂದು ಮಾತು ಕೇಳದೆ, ಎಷ್ಟು ವರ್ಷದ ಚಾಳಿ, ಜ್ವರದಲ್ಲಿ ಒತ್ತಿದೆ, ಮಗುವಿಗೆ ಹಾಲು ಕುಡಿಸುತ್ತಾ ಒತ್ತಿದೆ, ಅಪ್ಪನನ್ನು ಮಣ್ಣು ಮಾಡಿ ಬಂದು ಕೈ ತೊಳೆದು ಒತ್ತಿದೆ, ಆಗ ಎಷ್ಟು ಅತ್ತಿದ್ದೆ. ನೀವು ನೌಕರರಲ್ಲ, ನಮ್ಮ ಪಾಲುದಾರರು ಅನ್ನುತ್ತಿತ್ತು ಕಂಪನಿ, ಪಾಲೆಲ್ಲಿ ಅಂತ ಕೇಳಿದರೆ ಗ್ರಾಹಕರು ಕೊಟ್ಟ ನಕ್ಷತ್ರ ತೋರಿಸುತ್ತಿತ್ತು, ಒಂದು ಕರೆ ಬಿಟ್ಟರೆ ಅದನ್ನೂ ಕಿತ್ತುಕೊಳ್ಳುತ್ತಿತ್ತು. ಎಡಗೈಯಲ್ಲಿ ಕತ್ತರಿಸಿದರೆ ಹೇಗೆ, ಛೇ, ಅಜ್ಜಿಯ ಕಿವಿ ಉಳಿಯಬೇಕಲ್ಲ, ಒಂದು ವಾರ ಕೂದಲು ಬೆಳೆದರೆ ಅಜ್ಜಿಗೇನೂ ಆಗದು, ಕ್ಷಮಿಸು ಅಜ್ಜಿ, ನಾನು ರಜೆಯಲ್ಲಿದ್ದೇನೆ— ಎಷ್ಟು ಚೆನ್ನಾಗಿದೆ ಈ ಮಾತು, ಇನ್ನೊಂದು ಸಲ ಹೇಳಲೇ, ರಜೆಯಲ್ಲಿದ್ದೇನೆ— ವೃತ್ತ ಬಟಾಣಿಯಷ್ಟಾಯಿತು, ಹೆಬ್ಬೆರಳು ಇಳಿಯುತ್ತಿದೆ, ಇಳಿಯಬೇಡ ಮಾರಾಯ, ಗುಂಪಿನವರೆಲ್ಲರ ರಜೆ ನಿನ್ನ ತುದಿಯಲ್ಲಿದೆ, ಸಾಸಿವೆಯಷ್ಟಾಯಿತು, ಹೆಬ್ಬೆರಳು, ಹಸಿರು, ಹೆಬ್ಬೆರಳು, ಹಸಿರು— ಆರಿತು. ಕಪ್ಪು ಗಾಜು. ಅದರ ಮೇಲೆ, ಗಾಳಿಯಲ್ಲಿ, ಏನನ್ನೂ ಒತ್ತದೆ, ಹೆಬ್ಬೆರಳು.