ಅಬ್ಬಾನ ಮೂರು ಹುಲಿ

ದಾಂಡೇಲಿಯ ಕಾಸಿಂಸಾಬರಿಗೆ ಎರಡು ಹಟ. ಹುಲಿ-ಕುರಿ ಆಟಕ್ಕೆ ಕೂತರೆ ಹುಲಿಗಳು ತಮ್ಮವೇ ಆಗಬೇಕು. ಬಾಯಿಗೆ ಬಂದ ಕುರಿಯನ್ನು ಹುಲಿ ಬಿಡಬಾರದು. "ಬಿಟ್ರ ಅದು ಹುಲಿ ಅಲ್ಲ, ಬೆಕ್ಕು" ಎಂದು ಗಡ್ಡ ನೀವುತ್ತಲೇ ಆಟೋ ಸ್ಟ್ಯಾಂಡಿನವರಿಗೆಲ್ಲ ಮಣ್ಣು ಮುಕ್ಕಿಸಿದವರು.

ಈಗ ಮಂಡಿನೋವಿನಿಂದ ಕಾಲು ಕೈಕೊಟ್ಟಿತ್ತು. ಅವರು ಓಡಿಸುತ್ತಿದ್ದ ಆಟೋ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅದನ್ನು ಕೊಳ್ಳಲು ಪುಂಡಲೀಕ ಸಂಜೆ ಬರುವವನಿದ್ದ. ಮಗಳು ಮೆಹರೀನಳಿಗೋ ತಾನೇ ಓಡಿಸುವ ಆಸೆ, ಲೈಸೆನ್ಸೂ ಮಾಡಿಸಿಕೊಂಡಿದ್ದಳು. ಅಂಬಿಕಾನಗರದ ಕಾಡುರಸ್ತೆ, ಒಂಟಿ ಹುಡುಗಿ ಎಂದು ನೆನೆದರೇ ಮುದುಕನ ಎದೆ ನಡುಗುತ್ತಿತ್ತು. ಹೆದರಿಕೆ ಎಂದು ಬಾಯಿಬಿಟ್ಟು ಹೇಳುವ ಜಾಯಮಾನವಂತೂ ಅಲ್ಲ.

"ನನ್ನ ಹುಲಿ ಕಟ್ಟಿಹಾಕು, ಚಾವಿ ನಿಂದು" ಎಂದುಬಿಟ್ಟರು.

ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಆಟದ ಮನೆಗಳನ್ನು ಬರೆದರು. ಮೂರು ನಟ್ಟು ಹುಲಿ, ಹುಣಸೆಬೀಜ ಕುರಿ. ಮೆಹರೀನ ಅವಸರ ಮಾಡಲಿಲ್ಲ. ಒಂದಕ್ಕೊಂದು ಬೆನ್ನು ಕೊಟ್ಟು ಬೀಜ ಇಡುತ್ತ ಹೋದಳು. ನಡುವೆ ಒಂದು ಕುರಿಯನ್ನು ಒಂಟಿಯಾಗಿ ಬಿಟ್ಟಳು. ಕಾಸಿಂಸಾಬರು ಹಾರಿಸಿ ಗಬಕ್ಕನೆ ತಿಂದರು. ಹಾರಿದ ಹುಲಿ ಮೂಲೆಗೆ ಬಿತ್ತು; ಅವಳು ಹಿಂದೆಯೇ ಬೀಜ ಇಟ್ಟು ದಾರಿ ಮುಚ್ಚಿದಳು. ಮತ್ತೊಂದು ಕುರಿ, ಮತ್ತೊಂದು ಮೂಲೆ.

ಆಗ ಅವರಿಗೆ ಹೊಳೆಯಿತು. ಕುರಿ ಕಂಡರೆ ಅಬ್ಬಾ ಹಾರಿಯೇ ತೀರುತ್ತಾನೆಂದು ಬಲ್ಲವಳು, ಹುಲಿಯನ್ನು ತನಗೆ ಬೇಕಾದ ಕಡೆ ಕಳಿಸುತ್ತಿದ್ದಾಳೆ. ಎಲಾ ಹುಡುಗಿ! ಸಿಟ್ಟು ಬರಬೇಕಾದಲ್ಲಿ ಹೆಮ್ಮೆ ಉಕ್ಕಿತು.

ಮೂರನೆಯ ಹುಲಿಗೆ ಒಂದೇ ಮನೆ ಉಳಿದಿತ್ತು. ಸರದಿ ಮೆಹರೀನಳದು. ಅವಳು ಬೀಜವನ್ನು ತಂದೆಯ ಮುಂದಿಟ್ಟಳು.

"ಯಾಕ ಬೇಟಿ? ಮುಚ್ಚು."

"ಮುಚ್ಚಿದ್ರ ನೀವು ಮಾತಿಗೆ ಕಟ್ಟುಬಿದ್ದು ಚಾವಿ ಕೊಡ್ತೀರಿ. ಹಂಗ ಬ್ಯಾಡ್ರಿ, ಅಬ್ಬಾ. ಮನಸ್ಸಿದ್ರ ಕೊಡ್ರಿ. ಇಲ್ಲಂದ್ರ ಹುಲಿ ನಡಸ್ರಿ."

ಹುಲಿ ಅಲ್ಲಿಗೆ ಸರಿದರೆ ಆಟ ಇನ್ನೂ ಅವರದೇ. ಗೇಟಿನ ಬಳಿ ಪುಂಡಲೀಕ ಕೆಮ್ಮಿದ್ದು ಕೇಳಿಸಿತು. ಕಾಸಿಂಸಾಬರು ಬೀಜ ಎತ್ತಿ, ಆ ಖಾಲಿ ಮನೆಯಲ್ಲಿ ತಾವೇ ಇಟ್ಟು ತಮ್ಮ ಹುಲಿಯನ್ನು ಕಟ್ಟಿಹಾಕಿದರು.

"ಬಾರಪಾ ಪುಂಡಲೀಕ, ಚಹಾ ಕುಡದು ಹೋಗು. ಆಟೋ ಮಾರೂದಿಲ್ಲ" ಎಂದು ಕೂಗಿ, ಜೇಬಿನಿಂದ ಚಾವಿ ತೆಗೆದರು. ಮಗಳ ಮುಂದೆ ಹಿಡಿದರು.

"ಇಳಿಜಾರಿನ್ಯಾಗ ಬರೇ ಬ್ರೇಕ್ ಒತ್ತಬ್ಯಾಡ, ಗೇರಿನ್ಯಾಗ ಇಳಸು. ಹೆದರಿಕಿ ನನ್ನ ಹತ್ರ ಇರ್ಲಿ. ಚಾವಿ ನೀ ತಗೊ."