ಮೌಂಟಿಂಗಿನ ಕೆಳಗಿನ ತೊಗಲು

ಸರಪಳಿ ಕಿರುಗುಟ್ಟುತ್ತಿದೆ, ಇಂಜಿನ್ನು ನಾಲ್ಕು ಬೆರಳು ಮೇಲೆದ್ದಿದೆ, ಗಾಡಿಯ ಕೆಳಗೆ ನುಸುಳಿದ ಮಿಸ್ತ್ರಿ ಭೀಮಶಿಯ ಕಾಲು ಮಾತ್ರ ಕಾಣುತ್ತಿದೆ — ಇಂಜಿನ್ನು ಕೂರುವ ಸವೆದ ಮೌಂಟಿಂಗ್ ರಬ್ಬರ್ ತೆಗೆದು ಹೊಸದು ಕೂಡಿಸುವುದನ್ನು ಅವ್ವ ಯಾಕೆ ನೋಡಬೇಕು, ಇಡೀ ಗೋಕಾಕ ಪೇಟೆ ಬಿಟ್ಟು ಈ ಗ್ಯಾರೇಜಿನ ಬೆಂಚೇ ಬೇಕಾಯಿತೇ, ಸೀರೆ ಅಂಗಡಿಗೆ ಹೋಗಿ ಬಾ ಎಂದರೆ, ನಿಮ್ಮಪ್ಪನ ಗಾಡಿ, ಹ್ಯಾಂಗ ಬಿಚ್ಚತಾರ ನೋಡತೇನಿ ಅಂದಳು, ನೋಡಲಿ ಈಗ. ಊರಲ್ಲೆಲ್ಲ ಮಾರುತಿ ಕಾರು ಬಂದರೂ ನಮಗೆ ಅಪ್ಪನ ಲ್ಯಾಂಡ್‌ಮಾಸ್ಟರ್ರೇ, ಮೊಣಕಾಲು ಹಿಡಿದ ಮೇಲೆ ಅವ್ವ ಬಸದಿಗೆ ಹೋಗುವುದು ಇದರಲ್ಲೇ, ಮಡಿಲಲ್ಲಿ ಅಭಿಷೇಕದ ಹಾಲಿನ ತಂಬಿಗೆ, ಇಂಜಿನ್ ನಡುಗಿ ಹಾಲು ತುಳುಕುತ್ತದೆಂದೇ ಈ ರಿಪೇರಿ. ತೊಗಲು ಮುಟ್ಟುವವಳಲ್ಲ, ನನ್ನ ಬೆಲ್ಟನ್ನೂ ಮನೆಯೊಳಗೆ ಬಿಟ್ಟವಳಲ್ಲ, ಹತ್ತುವಾಗಲೆಲ್ಲ ಕೇಳುತ್ತಾಳೆ, ಇದರಾಗ ತೊಗಲೇನರ ಐತೇನೋ ಜಿನದತ್ತ, ಇಲ್ಲವ್ವ, ಎಲ್ಲಾ ರೆಕ್ಸಿನ್ — ಹೋದ ಬೇಸಿಗೆಯವರೆಗೆ ಅದು ಖರೆಯೇ ಇತ್ತು. ಮಸಗುಪ್ಪಿ ದಾಟಿದ ಮೇಲೆ ರಬ್ಬರ್ ಹರಿದು ಇಂಜಿನ್ ಒಂದು ಕಡೆ ವಾಲಿತು, ನಡು ಮಧ್ಯಾಹ್ನ, ನಾನೊಬ್ಬನೇ, ಕುರಿ ಹೊಡೆದುಕೊಂಡು ಸತ್ತೆಪ್ಪ ಬಂದ, ಪ್ರತಿ ವರ್ಷ ಗೊಬ್ಬರಕ್ಕೆ ನಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುವವನು, ಬಗ್ಗಿ ನೋಡಿ, ಏನರ ದಪ್ಪಂದು ತುರುಕ್ರಿ ಸಾವಕಾರ್ರ ಅಂದ, ನಾನು ಅವನ ಕಾಲು ನೋಡಿದೆ. ಅವನಾಗಿ ಕೊಡುತ್ತೇನೆ ಅನ್ನಲಿಲ್ಲ, ನಾನು ನೋಡುತ್ತಲೇ ಇದ್ದೆ, ಕೊನೆಗೆ ಕಾಲಿನ ಒಂದು ತೊಗಲ ಮೆಟ್ಟು ಕಳಚಿದ, ಅವನದೇ ಕೊಡಲಿಯಿಂದ ಹಿಮ್ಮಡಿಯ ಕಡೆ ಕತ್ತರಿಸಿ ತುರುಕಿದೆ. ನಾಳೆ ತೆಗೆಸಿದರಾಯಿತು ಅಂದುಕೊಂಡೆ, ಆಮೇಲೆ ಮರೆತೆ — ಮರೆತೆನೆ? ಎಲ್ಲಿ ಮರೆತೆ, ಪ್ರತಿ ಸಲ ರೆಕ್ಸಿನ್ ಅನ್ನುವಾಗ ಆ ತುಂಡು ನೆನಪಾಗುತ್ತಿತ್ತು, ಆದರೂ ಅಂದೆ, ಅವ್ವ ನಂಬಿ ತಂಬಿಗೆ ಹಿಡಿದು ಹತ್ತುತ್ತಿದ್ದಳು, ನಾಚಿಕೆ, ಥೂ. ಯಾವ ಪುಣ್ಯಾತ್ಮ ಮೆಟ್ಟು ಹೆಟ್ಟ್ಯಾನ್ರಿ ಇಲ್ಲಿ, ಕೆಳಗಿನಿಂದ ಭೀಮಶಿ, ಎಸೆದೇಬಿಟ್ಟ, ಬಂದು ಬಿದ್ದದ್ದು ಅವ್ವನ ಮುಂದೆ, ಎಣ್ಣೆ ಕುಡಿದು ಕರ್ರಗಾದ ತುಂಡು, ಹಿಮ್ಮಡಿಗೆ ಬಡಿದ ಕಬ್ಬಿಣದ ಲಾಳ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಯಾರೂ ಕೇಳುವ ಮುಂಚೆಯೇ ನನ್ನ ಬಾಯಿ, ಹಿಂದಿನ ಮಿಸ್ತ್ರಿ ಹಾಕಿರಬೇಕವ್ವ, ನನಗ ಗೊತ್ತಿಲ್ಲ. ಅವ್ವ ಬಗ್ಗಿದಳು, ಎತ್ತಿಕೊಂಡಳು, ಬೆಲ್ಟು ಮುಟ್ಟದವಳು ಬರಿಗೈಯಲ್ಲಿ ಅದನ್ನು ತಿರುವಿ ತಿರುವಿ ನೋಡಿದಳು, ಎಷ್ಟೋ ಸಲ ಮಜ್ಜಿಗೆ ಕುಡಿಯಲು ಬಂದವನು ಅವಳ ಹೊಸ್ತಿಲಾಚೆ ಬಿಟ್ಟ ಮೆಟ್ಟು, ಇದು ಸತ್ತೆಪ್ಪಂದು ಅಂದಳು. ಬೈಯಲಿ, ತಲೆ ಮೇಲೆ ನೀರು ಸುರಿದುಕೊಳ್ಳಲಿ, ಇನ್ನು ಈ ಗಾಡಿ ಹತ್ತುವುದಿಲ್ಲ ಅನ್ನಲಿ, ತೊಗಲಿನ ಮಾತಿಲ್ಲ, ಸುಳ್ಳಿನ ಮಾತಿಲ್ಲ, ನನ್ನ ಮುಖ ನೋಡಿ ಒಂದೇ ಮಾತು, ಅಂವ ಬರಿಗಾಲಲೆ ಹೋದ್ನೇನೋ? ನೋಡಲಿಲ್ಲವ್ವ ಅನ್ನಲು ಬಾಯಿ ತೆರೆದೆ, ನೋಡಿದ್ದೆ, ಅವತ್ತು ಗಾಡಿಯ ಕನ್ನಡಿಯಲ್ಲಿ ನೋಡಿದ್ದೆ, ಡಾಂಬರು ಕಾದು ಮೆತ್ತಗಾಗಿತ್ತು, ಒಂದು ಕಾಲಿಗೆ ಮೆಟ್ಟು, ಒಂದು ಕಾಲು ಬರಿದು, ಕುರಿಗಳ ಹಿಂದೆ ಕುಣಿದಂತೆ ನಡೆಯುತ್ತಿದ್ದ, ನಾನು ಗೇರು ಬದಲಿಸಿದೆ, ಭೀಮಶಿ ಹೊಸ ರಬ್ಬರ್ ಕೊಡ್ರಿ ಅನ್ನುತ್ತಿದ್ದಾನೆ, ಕೈಯಲ್ಲೇ ಇದೆ, ಕೊಡಬೇಕು, ಕನ್ನಡಿಯಲ್ಲಿ ಸಣ್ಣಗಾಗುತ್ತ, ಒಂದು ಕಾಲಿಗೆ ಮೆಟ್ಟು, ಬರಿಗಾಲು ಊರುತ್ತಾನೆ, ಎತ್ತುತ್ತಾನೆ, ಊರುತ್ತಾನೆ, ಒಂದು ಕಾಲು ಬರಿದು